ಗುಡ್‌ವುಡ್ ರಿವೈವಲ್‌ನಲ್ಲಿ ಒಂದು ದಿನ: ಹಳೆಯ ಸ್ಪೋರ್ಟ್ಸ್ ಕಾರುಗಳ ರೇಸ್ ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್ ಸೀಮೆಯ ಚಿಚೆಸ್ಟರ್ ಪಟ್ಟಣದ ಹತ್ತಿರ ಗುಡ್‌ವುಡ್ ರಿವೈವಲ್ ಎಂಬ ರೇಸ್ ಕೂಟ ಮೂರು ದಿನ ನಡೆಯುತ್ತದೆ. ಲಂಡನ್ನಿನಲ್ಲಿ ಕೆಲಸದಲ್ಲಿರುವ ಕನ್ನಡಿಗ ಗೆಳೆಯರು, ಮಕ್ಕಳ ಮನೆಗೆಂದು ಊರಿನಿಂದ ಬಂದ ಹಿರಿಯರು, ಕಾರುಗಳ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಒಮ್ಮೆ ನೋಡಬೇಕೆಂಬ ಆಸೆಯುಳ್ಳವರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಇದು ಹಳೆಯ ಕಾರುಗಳ ಪ್ರದರ್ಶನವೇ ಅಥವಾ ನಿಜವಾದ ರೇಸೇ?

ನಿಜವಾದ ರೇಸು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಸಾಲಾಗಿ ನಿಂತಿರುವುದನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದಾರೆ. ಬೆಂಗಳೂರಿನಲ್ಲಿ ವಿಂಟೇಜ್ ಕಾರುಗಳು ಹೂವಿನ ಹಾರ ಹಾಕಿಕೊಂಡು ಮೆರವಣಿಗೆ ಹೊರಡುವುದನ್ನೂ ನೋಡಿದ್ದಾರೆ. ಗುಡ್‌ವುಡ್‌ನಲ್ಲಿ ಅದೇ ವಯಸ್ಸಿನ ಕಾರುಗಳು ಒಂದರ ಮಗ್ಗುಲಿಗೆ ಒಂದು ಒತ್ತಿಕೊಂಡು, ತಿರುವುಗಳಲ್ಲಿ ಜಾರಿಕೊಂಡು, ಕೆಲವೊಮ್ಮೆ ತಗಡು ನುಗ್ಗಾಗಿಸಿಕೊಂಡು ಓಡುತ್ತವೆ. ಈ ಟ್ರ್ಯಾಕಿನಲ್ಲಿ ಮೊದಲ ಬಾರಿಗೆ ರೇಸುಗಳು ನಡೆದದ್ದು 1948ರಿಂದ 1966ರವರೆಗೆ; ಇಂದು ಓಡುವ ಕಾರುಗಳೂ ಮುಖ್ಯವಾಗಿ ಆ ಕಾಲದವು ಅಥವಾ ಅದಕ್ಕಿಂತ ಹಳೆಯವು. ಸ್ಪರ್ಧಿಗಳು ಆಹ್ವಾನದ ಮೇಲೆ ಬರುತ್ತಾರೆ, ಮತ್ತು ವೃತ್ತಿಪರ ಚಾಲಕರು ಮಾಲೀಕರ ಜೊತೆ ಒಂದೇ ಕಾರನ್ನು ಹಂಚಿಕೊಂಡು ಓಡಿಸುವುದೂ ಉಂಟು.

ಈ ಟ್ರ್ಯಾಕಿನ ಹಿನ್ನೆಲೆ ಏನು?

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ವೆಸ್ಟ್‌ಹ್ಯಾಂಪ್‌ನೆಟ್ ಎಂಬ ವಾಯುಪಡೆಯ ನೆಲೆಯಾಗಿತ್ತು. ಎರಡೂ ಕಾಲು ಕಳೆದುಕೊಂಡ ಮೇಲೂ ಯುದ್ಧವಿಮಾನ ಹಾರಿಸಿದ ಡಗ್ಲಸ್ ಬೇಡರ್ 1941ರ ಆಗಸ್ಟ್ 9ರಂದು ಕೊನೆಯ ಬಾರಿಗೆ ಯುದ್ಧಕ್ಕೆ ಹಾರಿದ್ದು ಇಲ್ಲಿಂದಲೇ. ಅಂದು ಫ್ರಾನ್ಸಿನ ಮೇಲೆ ವಿಮಾನ ಕಳೆದುಕೊಂಡು ಅವರು ಜರ್ಮನರ ಕೈಗೆ ಸೆರೆಸಿಕ್ಕರು. ಯುದ್ಧ ಮುಗಿದ ಮೇಲೆ ನೆಲೆಯ ಸುತ್ತ ಹಾಕಿದ್ದ ರಸ್ತೆಯೇ ರೇಸ್ ಟ್ರ್ಯಾಕ್ ಆಯಿತು. ಈ ಜಮೀನಿನ ಒಡೆಯರಾಗಿದ್ದ ರಿಚ್ಮಂಡ್‌ನ 9ನೆಯ ಡ್ಯೂಕ್, ಎಲ್ಲರೂ ಫ್ರೆಡ್ಡಿ ಮಾರ್ಚ್ ಎಂದು ಕರೆಯುತ್ತಿದ್ದವರು, ಸ್ವತಃ ಹಳೆಯ ರೇಸ್ ಚಾಲಕರಾಗಿದ್ದು, 1948ರ ಸೆಪ್ಟೆಂಬರ್ 18ರಂದು ಬ್ರಿಸ್ಟಲ್ 400 ಕಾರಿನಲ್ಲಿ ಒಂದು ಸುತ್ತು ಹಾಕಿ ಟ್ರ್ಯಾಕನ್ನು ಉದ್ಘಾಟಿಸಿದರು. 1966ರ ಹೊತ್ತಿಗೆ ಕಾರುಗಳ ವೇಗ ಟ್ರ್ಯಾಕನ್ನು ಮೀರಿ ಬೆಳೆದಿತ್ತು. ಟ್ರ್ಯಾಕನ್ನು ಬದಲಿಸಲು ಮನಸ್ಸಿಲ್ಲದ ಅವರು ರೇಸನ್ನೇ ನಿಲ್ಲಿಸಿದರು. ಹಾಗೆ ನಿಲ್ಲಿಸಿದ್ದರಿಂದಲೇ ಸುಮಾರು 3.8 ಕಿಲೋಮೀಟರಿನ ಈ ಸುತ್ತು ಹೆಚ್ಚು ಬದಲಾಗದೆ ಉಳಿಯಿತು. ಅವರ ಮೊಮ್ಮಗ, ಇಂದಿನ ಡ್ಯೂಕ್, ಸರಿಯಾಗಿ 50 ವರ್ಷಗಳ ನಂತರ 1998ರ ಸೆಪ್ಟೆಂಬರಿನಲ್ಲಿ ಇಲ್ಲಿ ಮತ್ತೆ ರೇಸ್ ಆರಂಭಿಸಿದರು.

ನಮ್ಮ ಕಡೆಯ ಹಿರಿಯರಿಗೆ ಇದನ್ನು ವಿವರಿಸಬೇಕಾದಾಗ ನಾನು ಮದರಾಸಿನ ಬಳಿಯ ಶೋಲಾವರಂ ಹೆಸರು ಹೇಳುತ್ತೇನೆ. ಅದೂ ಯುದ್ಧಕಾಲದ ವಿಮಾನ ನೆಲವೇ. ಇರುಂಗಾಟ್ಟುಕೋಟೈ ಟ್ರ್ಯಾಕ್ ಬರುವ ಮೊದಲು ಬೆಂಗಳೂರಿನ ರೇಸ್ ಪ್ರಿಯರು ಕಾರು, ಬೈಕುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದದ್ದು ಅಲ್ಲಿಗೆ.

ಮೂರು ದಿನಗಳಲ್ಲಿ ಯಾವ ದಿನ ಹೋಗುವುದು ಒಳ್ಳೆಯದು?

ಒಂದೇ ದಿನ ಸಾಧ್ಯವಿದ್ದರೆ ನನ್ನ ಮತ ಶುಕ್ರವಾರಕ್ಕೆ. ಹೆಚ್ಚಿನ ಜನ ಶನಿವಾರ, ಭಾನುವಾರಗಳನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಬಹುತೇಕ ರೇಸುಗಳು ಆ ದಿನಗಳಲ್ಲೇ ನಡೆಯುತ್ತವೆ. ಶುಕ್ರವಾರ ಅಭ್ಯಾಸದ ಸುತ್ತುಗಳೇ ಹೆಚ್ಚು. ಆದರೆ ಅಂದು ಜನ ಕಡಿಮೆ, ನಿಲ್ಲಲು ಜಾಗ ಧಾರಾಳ, ಬಗೆಬಗೆಯ ಕಾರುಗಳು ಒಂದರ ಹಿಂದೆ ಒಂದು ಬರುತ್ತವೆ. ಜೊತೆಗೆ ಸಂಜೆ 1963ಕ್ಕಿಂತ ಹಿಂದಿನ ಜಿಟಿ (ಗ್ರ್ಯಾಂಡ್ ಟೂರಿಂಗ್, ಅಂದರೆ ದೂರದ ಪ್ರಯಾಣಕ್ಕೂ ಹೊಂದುವ ವೇಗದ) ಕಾರುಗಳ ರೇಸು ಮುಸ್ಸಂಜೆಯ ಬೆಳಕಿನಲ್ಲಿ ನಡೆಯುವ ರೂಢಿಯಿದೆ. ಸೂರ್ಯ ಮುಳುಗುತ್ತಿರುವಾಗ ಹೆಡ್‌ಲೈಟ್ ಹಾಕಿಕೊಂಡು ಫೆರಾರಿ 250, ಜಾಗ್ವಾರ್ ಇ-ಟೈಪ್, ಆಸ್ಟನ್ ಮಾರ್ಟಿನ್ ಡಿಬಿ4 ಕಾರುಗಳು ಬರುವುದನ್ನು ನೋಡಿದವರು ಆ ಟಿಕೆಟಿನ ಹಣದ ಬಗ್ಗೆ ಮತ್ತೆ ಮಾತಾಡುವುದಿಲ್ಲ.

ಲಂಡನ್ನಿನಿಂದ ಹೋಗುವುದು ಹೇಗೆ? ಟಿಕೆಟನ್ನು ಅಲ್ಲೇ ಕೊಳ್ಳಬಹುದೇ?

ಲಂಡನ್ ವಿಕ್ಟೋರಿಯಾ ನಿಲ್ದಾಣದಿಂದ ಚಿಚೆಸ್ಟರ್‌ಗೆ ನೇರ ರೈಲಿದೆ. ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಟ್ರ್ಯಾಕಿಗೆ ಕೆಲವೇ ಕಿಲೋಮೀಟರು. ಕಾರಿನಲ್ಲಿ ಹೋಗುವವರು ಕೊನೆಯ ಹತ್ತು ಕಿಲೋಮೀಟರಿಗೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಬೇಕು. ಹಳ್ಳಿಯ ರಸ್ತೆಗಳು ಕಿರಿದು, ಬರುವ ಜನ ಬಹಳ. ಟಿಕೆಟನ್ನು ಮುಂಗಡವಾಗಿಯೇ ತೆಗೆದುಕೊಳ್ಳಿ.

ಹಳೆಯ ಕಾಲದ ಉಡುಪು ಹಾಕಲೇಬೇಕೇ? ಸೀರೆ ಉಡಬಹುದೇ?

ಕಡ್ಡಾಯವಲ್ಲದಿದ್ದರೂ ಬಂದವರಲ್ಲಿ ಬಹುಪಾಲು ಜನ 1940, 50 ಮತ್ತು 60ರ ದಶಕಗಳ ಉಡುಪಿನಲ್ಲೇ ಇರುತ್ತಾರೆ. ಕಾರುಗಳನ್ನು ಸಿದ್ಧಪಡಿಸುವ ಪ್ಯಾಡಾಕಿನ ಒಳಗೆ ಹೋಗುವ ಅವಕಾಶ ಎಲ್ಲ ಟಿಕೆಟುಗಳಿಗೂ ಒಂದೇ ರೀತಿ ಇರುವುದಿಲ್ಲ, ಅಲ್ಲಿ ಉಡುಪಿನ ನಿಯಮವೂ ಬಿಗಿ; ಆದ್ದರಿಂದ ಟಿಕೆಟಿನ ಜೊತೆ ಬರುವ ಸೂಚನೆಗಳನ್ನು ಮೊದಲೇ ಓದಿಕೊಳ್ಳಿ. ಟ್ರ್ಯಾಕಿನ ಆವರಣದೊಳಕ್ಕೆ ಇಂದಿನ ಕಾಲದ ವಾಹನಗಳನ್ನು ಬಿಡುವುದಿಲ್ಲ. ಸಾಮಾನು ಸಾಗಿಸುವ ಗಾಡಿಗಳೂ ಹಳೆಯವೇ. ಅಂಥ ಜಾಗದಲ್ಲಿ ಹೊಳೆಯುವ ಪ್ಲಾಸ್ಟಿಕ್ ಜಾಕೆಟ್ ಹಾಕಿ ನಿಂತರೆ ನಮಗೇ ಇರುಸುಮುರುಸಾಗುತ್ತದೆ.

ಸೀರೆಯ ವಿಷಯದಲ್ಲಿ ಸಂಕೋಚವೇ ಬೇಡ. 1950ರ ದಶಕದಲ್ಲಿ ನಮ್ಮ ಅಜ್ಜಿಯಂದಿರು ಉಡುತ್ತಿದ್ದದ್ದು ಸೀರೆಯೇ ಆದ್ದರಿಂದ ಅದಕ್ಕಿಂತ ಪ್ರಾಮಾಣಿಕವಾದ ಆ ಕಾಲದ ಉಡುಪು ಇನ್ನೊಂದಿಲ್ಲ. ಕಿರಿದಾದ ಜರಿಯಂಚಿನ ಮೈಸೂರು ರೇಷ್ಮೆ ಸೀರೆ, ಮೇಲೊಂದು ಉಣ್ಣೆಯ ಕೋಟು ಇದ್ದರೆ ಸಾಕು. ಗಂಡಸರು ಮುಚ್ಚುಗೊರಳಿನ ಕೋಟು ತೊಟ್ಟು ಹೋಗಬಹುದು. ಚಪ್ಪಲಿ ಮಾತ್ರ ಬೇಡ, ಗಟ್ಟಿಯಾದ ಬೂಟು ಇರಲಿ. ಬೆಳಗಿನ ಇಬ್ಬನಿಗೆ ಹುಲ್ಲು ಒದ್ದೆಯಾಗಿರುತ್ತದೆ, ದಿನವೆಲ್ಲ ನಡಿಗೆ.

ಬೆಳಿಗ್ಗೆ ಒಳಗೆ ಹೋದ ಕೂಡಲೇ ಮೊದಲು ಏನು ನೋಡಬೇಕು?

ಅವಕಾಶವಿದ್ದರೆ ನೇರವಾಗಿ ಪ್ಯಾಡಾಕಿಗೆ ಹೋಗಿ. ಮೊದಲ ರೇಸ್ ಶುರುವಾಗುವ ಮುಂಚಿನ ಒಂದು ಗಂಟೆಗೆ ಸಮನಾದದ್ದು ಇಡೀ ದಿನದಲ್ಲಿ ಇನ್ನೊಂದಿಲ್ಲ ಎಂದು ನಾನು ಹೇಳುತ್ತೇನೆ. ಒಮ್ಮೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಜಾಗ್ವಾರ್ ಕಾರಿನ ಆರು ಸಿಲಿಂಡರುಗಳ ಎಂಜಿನ್ನಿನಿಂದ ಸ್ಪಾರ್ಕ್ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ, ಅವು ಬಂದ ಕ್ರಮದಲ್ಲೇ ಒಂದು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದುದನ್ನು ಹತ್ತಿರದಿಂದ ನೋಡುತ್ತ ನಿಂತಿದ್ದೆ. ಐದು ಪ್ಲಗ್ಗುಗಳ ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಆರನೆಯದು ಮಸಿ ಹಿಡಿದು ಕಪ್ಪಾಗಿತ್ತು. ಬಿಸ್ಕತ್ತಿನ ಬಣ್ಣವಿದ್ದರೆ ಗಾಳಿ, ಪೆಟ್ರೋಲುಗಳ ಬೆರಕೆ ಹದವಾಗಿದೆ ಎಂದರ್ಥ; ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಾಗಿದ್ದರೆ ಕಡಿಮೆ. ಅವರು ಆ ಆರನೆಯದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಏನೂ ಮಾತಾಡದೆ ಕಾರ್ಬ್ಯುರೇಟರಿನ ಕಡೆಗೆ ಬಗ್ಗಿದರು. ಕಂಪ್ಯೂಟರಿಲ್ಲದ ಎಂಜಿನ್ನಿನ ಆರೋಗ್ಯವನ್ನು, ವೈದ್ಯರು ನಾಲಿಗೆ ನೋಡುವಂತೆ, ಇಂದಿಗೂ ಹೀಗೆ ಕಣ್ಣಿನಿಂದಲೇ ಓದುತ್ತಾರೆ.

ಎಂಜಿನ್ ಬಿಸಿ ಮಾಡುವಾಗ ಒಂದು ಬಗೆಯ ಪ್ಲಗ್ ಹಾಕಿ, ರೇಸಿಗೆ ಮುಂಚೆ ಇನ್ನೊಂದು ಬಗೆಯದನ್ನು ಹಾಕುವ ಪದ್ಧತಿಯೂ ಇದೆ. ರೇಸಿನ ಪ್ಲಗ್ಗು ಕಡಿಮೆ ವೇಗದಲ್ಲಿ ಬೇಗ ಮಸಿ ಹಿಡಿಯುತ್ತದೆ ಎಂಬುದು ಅದಕ್ಕೆ ಕಾರಣ. ಬಾನೆಟ್ ತೆರೆದಿರುವಾಗ ದೂರ ನಿಂತು ನೋಡಿ, ಕೆಲಸದ ನಡುವೆ ಪ್ರಶ್ನೆ ಕೇಳಬೇಡಿ. ಕೈ ಒರೆಸಿಕೊಂಡ ಮೇಲೆ ಕೇಳಿದರೆ ಬಹಳ ಜನ ಸಂತೋಷದಿಂದ ವಿವರಿಸುತ್ತಾರೆ.

ಅಲ್ಲಿ ಬರುವ ಒಂದು ವಿಚಿತ್ರ ವಾಸನೆ ಯಾವುದರದು?

ಹರಳೆಣ್ಣೆಯದು. ಹಿಂದಿನ ಕಾಲದ ರೇಸ್ ಎಂಜಿನ್ನುಗಳಿಗೆ ಹಾಕುತ್ತಿದ್ದ ಕ್ಯಾಸ್ಟ್ರಾಲ್ ಆರ್ ಎಂಬ ಎಣ್ಣೆ ತಯಾರಾಗುತ್ತಿದ್ದದ್ದು ಹರಳೆಣ್ಣೆಯಿಂದ. ಆ ಕಂಪನಿಯ ಹೆಸರೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಬಂದದ್ದು. ತೀವ್ರ ಶಾಖದಲ್ಲೂ ಲೋಹದ ಮೇಲಿನ ಪದರ ಬಿಡದ ಗುಣ ಅದಕ್ಕಿದೆ. ಇಂದು ಕೆಲವರು ಮಾತ್ರ, ಹೆಚ್ಚಾಗಿ ಹಳೆಯ ಮೋಟಾರ್ ಸೈಕಲ್ಲುಗಳಲ್ಲಿ, ಅದನ್ನು ಬಳಸುತ್ತಾರೆ. ಸುಟ್ಟ ಹರಳೆಣ್ಣೆಯ ಆ ಸಿಹಿಗಮಟು ಮೂಗಿಗೆ ಬಡಿದಾಗ ಪಕ್ಕದಲ್ಲಿದ್ದ ಇಂಗ್ಲಿಷರಿಗೆ ಹಳೆಯ ರೇಸುಗಳು ನೆನಪಾದರೆ, ನನಗೆ ಶನಿವಾರದ ಎಣ್ಣೆಸ್ನಾನ, ಹಂಡೆಯ ಒಲೆಯ ಹೊಗೆ, ನೆತ್ತಿಗೆ ಎಣ್ಣೆ ತಟ್ಟುತ್ತಿದ್ದ ಅಜ್ಜಿಯ ಅಂಗೈ ನೆನಪಾದವು.

ಟ್ರ್ಯಾಕಿನ ಯಾವ ಭಾಗದಲ್ಲಿ ನಿಂತು ನೋಡಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಹೇಳುವ ಮೊದಲು ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ಮೊದಲ ವರ್ಷ ಎಲ್ಲವನ್ನೂ ನೋಡಿಬಿಡಬೇಕೆಂಬ ಆತುರದಲ್ಲಿ ಇಡೀ ಟ್ರ್ಯಾಕಿನ ಸುತ್ತ ನಡೆಯುತ್ತಲೇ ಇದ್ದೆ. ಸಂಜೆಯ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ಮತ್ತು ಒಂದು ರೇಸನ್ನೂ ಮೊದಲಿನಿಂದ ಕೊನೆಯವರೆಗೆ ನೋಡಿರಲಿಲ್ಲ. ಅಂದಿನಿಂದ ಪಾಲಿಸುತ್ತಿರುವ ನಿಯಮವೆಂದರೆ ಇಡೀ ದಿನಕ್ಕೆ ಎರಡೇ ಜಾಗ: ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಒಂದೇ ತಿರುವಿನಲ್ಲಿ ಒಂದೇ ಕಾರು ಹತ್ತಾರು ಬಾರಿ ಬರುವುದನ್ನು ನೋಡಿದಾಗಲೇ ಚಾಲಕ ಏನು ಮಾಡುತ್ತಿದ್ದಾನೆ ಎಂಬುದು ಕಣ್ಣಿಗೆ ಹತ್ತುತ್ತದೆ. ಮೊದಲ ಐದು ಸುತ್ತುಗಳಲ್ಲಿ ಕಾಣುವುದು ಬಣ್ಣ ಮತ್ತು ವೇಗ ಮಾತ್ರ. ಆರನೆಯ ಸುತ್ತಿನಲ್ಲಿ ಒಬ್ಬ ಬ್ರೇಕನ್ನು ಒಂದು ಮಾರು ತಡವಾಗಿ ಒತ್ತಿದ್ದು ಗೊತ್ತಾಗುತ್ತದೆ.

ಕಾರುಗಳು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಓಡುತ್ತವೆ. ಆರಂಭದ ಗೆರೆ ದಾಟಿದ ಮೇಲೆ ಮ್ಯಾಡ್ಜ್‌ವಿಕ್ ಎಂಬ ಉದ್ದನೆಯ ಬಲತಿರುವು, ನಂತರ ಅತಿ ವೇಗದ ಫೋರ್ಡ್‌ವಾಟರ್, ತಗ್ಗಿನಲ್ಲಿ ಇಳಿದು ಎಡಕ್ಕೆ ಹೊರಳುವ ಸೇಂಟ್ ಮೇರೀಸ್, ಲ್ಯಾವಂಟ್ ತಿರುವು, ಉದ್ದನೆಯ ಲ್ಯಾವಂಟ್ ನೇರದಾರಿ, ವುಡ್‌ಕೋಟ್, ಕೊನೆಗೆ ವೇಗ ತಗ್ಗಿಸಲೆಂದು ಹಾಕಿದ ಕಿರಿದಾದ ಅಂಕುಡೊಂಕು, ಶಿಕೇನ್. ಶಿಕೇನ್ ಬಳಿ ಜನ ಹೆಚ್ಚು, ಏಕೆಂದರೆ ಅಲ್ಲಿ ಹಿಂದಿಕ್ಕುವ ಪ್ರಯತ್ನಗಳು ನಡೆಯುತ್ತವೆ. ಅಲ್ಲಿ ಇಟ್ಟಿಗೆ ಗೋಡೆಯಂತೆ ಕಾಣುವುದು ಥರ್ಮೋಕೋಲಿನದು. ಯಾರಾದರೂ ಗುದ್ದಿದಾಗ ಬಿಳಿಯ ಚೂರುಗಳು ಹಾರುತ್ತವೆ, ಮತ್ತೆ ಕಟ್ಟುತ್ತಾರೆ.

ನನ್ನ ಆಯ್ಕೆ ಸೇಂಟ್ ಮೇರೀಸ್. 1962ರ ಏಪ್ರಿಲ್ 23ರಂದು ಇಂಗ್ಲೆಂಡಿನ ಹೆಸರಾಂತ ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ ಅವರ ಲೋಟಸ್ ಕಾರು ಇಲ್ಲೇ ಟ್ರ್ಯಾಕ್ ಬಿಟ್ಟು ದಿಬ್ಬಕ್ಕೆ ಅಪ್ಪಳಿಸಿತು. ಅವರು ಸುಮಾರು ಒಂದು ತಿಂಗಳು ಪ್ರಜ್ಞೆ ತಪ್ಪಿ ಮಲಗಿದ್ದರು. ಬದುಕಿದರು, ಆದರೆ ಉನ್ನತ ಮಟ್ಟದ ರೇಸಿನ ಜೀವನ ಅಂದಿಗೆ ಮುಗಿಯಿತು. ಆ ತಗ್ಗಿನಲ್ಲಿ ಕಾರುಗಳು ಒಂದು ಗಾಲಿಯಿಂದ ಇನ್ನೊಂದು ಗಾಲಿಗೆ ಭಾರ ಬದಲಿಸುವಾಗ ಅವುಗಳ ಇಡೀ ಮೈ ವಾಲುವುದು ಕಾಣುತ್ತದೆ.

ಕಾರುಗಳು ತಿರುವಿನಲ್ಲಿ ಅಡ್ಡಡ್ಡ ಜಾರುತ್ತವೆ. ಅದು ಚಾಲಕರ ತಪ್ಪೇ?

ಬಹಳಷ್ಟು ಬಾರಿ ಅದೇ ಅವರ ಕೌಶಲ. ಈ ಕಾರುಗಳಿಗೆ ಗಾಳಿಯ ಒತ್ತಡದಿಂದ ನೆಲಕ್ಕೆ ಅದುಮುವ ರೆಕ್ಕೆಗಳಿಲ್ಲ. ಹಿಡಿತವೆಲ್ಲ ನಾಲ್ಕು ಸಪೂರ ಟೈರುಗಳದು. ಆ ಟೈರುಗಳ ಒಳಗಿನ ನೂಲಿನ ಪದರಗಳು ಓರೆಯಾಗಿ, ಒಂದರ ಮೇಲೊಂದು ಅಡ್ಡ ಹಾಯುವಂತೆ ಇರುತ್ತವೆ. ಇಂದಿನ ರೇಡಿಯಲ್ ಟೈರು ಗಟ್ಟಿಯಾಗಿ ಹಿಡಿದುಕೊಂಡಿದ್ದು ಒಮ್ಮೆಲೇ ಕೈಬಿಟ್ಟರೆ, ಈ ಹಳೆಯ ವಿನ್ಯಾಸದ ಟೈರು ನಿಧಾನವಾಗಿ, ಮುನ್ಸೂಚನೆ ಕೊಟ್ಟು ಜಾರುತ್ತದೆ. ಆದ್ದರಿಂದ ಚಾಲಕ ಬೇಕೆಂದೇ ಕಾರನ್ನು ಸ್ವಲ್ಪ ಜಾರಿಸಿ, ಸ್ಟೀರಿಂಗನ್ನು ವಿರುದ್ಧ ದಿಕ್ಕಿಗೆ ತುಸು ತಿರುಗಿಸಿ ಹಿಡಿದು, ಆಕ್ಸಿಲರೇಟರನ್ನು ಒತ್ತಿ ಬಿಡುವುದರಿಂದಲೇ ಕಾರಿನ ದಿಕ್ಕನ್ನು ತಿದ್ದುತ್ತಾನೆ. ಮ್ಯಾಡ್ಜ್‌ವಿಕ್‌ನಲ್ಲಿ ನಿಂತು ಕಾರನ್ನು ಬಿಟ್ಟು ಚಾಲಕನ ಮೊಣಕೈಗಳನ್ನು ಮಾತ್ರ ನೋಡಿ. ಒಳ್ಳೆಯ ಚಾಲಕನ ಮೊಣಕೈ ಹೆಚ್ಚು ಅಲುಗುವುದಿಲ್ಲ.

ಸ್ಪೋರ್ಟ್ಸ್ ಕಾರುಗಳ ರೇಸುಗಳಲ್ಲಿ ತಪ್ಪಿಸಿಕೊಳ್ಳಬಾರದ್ದು ಯಾವುದು?

ಜಿಟಿ ಕಾರುಗಳ ಒಂದು ಗಂಟೆಯ ಟಿಟಿ (ಟೂರಿಸ್ಟ್ ಟ್ರೋಫಿ) ಸೆಲೆಬ್ರೇಷನ್‌ಗೆ ಜನ ಮುಗಿಬೀಳುತ್ತಾರೆ. ಅದರಲ್ಲಿ 1960ರ ದಶಕದ ಮೊದಲ ವರ್ಷಗಳ ಕಾರುಗಳಿದ್ದು, ಇಬ್ಬರು ಚಾಲಕರು ನಡುವೆ ಬದಲಾಗುತ್ತಾರೆ. 4.7 ಲೀಟರಿನ ವಿ8 ಎಂಜಿನ್ನಿನ ಕೋಬ್ರಾ ನೇರದಾರಿಯಲ್ಲಿ ಗುಡುಗುತ್ತ ಮುಂದೆ ಹೋದರೆ, ಇ-ಟೈಪ್ ತಿರುವಿನಲ್ಲಿ ಅದನ್ನು ಹಿಡಿಯುತ್ತದೆ. ವಿಟ್ಸನ್ ಟ್ರೋಫಿಯಲ್ಲಿ ಫೋರ್ಡ್ ಜಿಟಿ40, ಲೋಲಾ ಟಿ70ಯಂಥ ದೈತ್ಯ ಕಾರುಗಳು ಬರುತ್ತವೆ. ವೇಗವೇ ಮುಖ್ಯ ಎನ್ನುವವರಿಗೆ ಅದು.

ನನ್ನ ಮನಸ್ಸು ಇರುವುದು 1950ರ ದಶಕದ ವಿಶ್ವ ಚಾಂಪಿಯನ್‌ಷಿಪ್ ಸ್ಪೋರ್ಟ್ಸ್ ಕಾರುಗಳ ಸಸೆಕ್ಸ್ ಟ್ರೋಫಿಯಲ್ಲಿ. ಅದಕ್ಕೆ ಕಾರಣ 1959ರ ಸೆಪ್ಟೆಂಬರ್ 5. ಅಂದು ಇಲ್ಲಿ ಆರು ಗಂಟೆಗಳ ಟೂರಿಸ್ಟ್ ಟ್ರೋಫಿ ರೇಸು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ತೀರ್ಮಾನವಾಗುವುದೂ ಅದರಲ್ಲೇ. ಆಸ್ಟನ್ ಮಾರ್ಟಿನ್ ತಂಡದ ಡಿಬಿಆರ್1 ಕಾರೊಂದಕ್ಕೆ ಪೆಟ್ರೋಲು ತುಂಬುವಾಗ ಬೆಂಕಿ ಹೊತ್ತಿಕೊಂಡು ಕಾರೂ, ರೇಸಿನ ನಡುವೆ ಕಾರು ನಿಲ್ಲಿಸಿ ಪೆಟ್ರೋಲು, ಟೈರು ಹಾಕಿಸಿಕೊಳ್ಳುವ ಜಾಗವಾದ ಪಿಟ್ಟೂ ಸುಟ್ಟವು. ಆಗ ಅದೇ ಕಂಪನಿಯ ಕಾರನ್ನು ಸ್ವಂತವಾಗಿ ಓಡಿಸುತ್ತಿದ್ದ ಗ್ರಹಾಂ ವೈಟ್‌ಹೆಡ್ ತಮ್ಮ ಕಾರನ್ನು ರೇಸಿನಿಂದ ಹಿಂತೆಗೆದುಕೊಂಡು ತಮ್ಮ ಪಿಟ್ಟನ್ನು ತಂಡಕ್ಕೆ ಬಿಟ್ಟುಕೊಟ್ಟರು. ಸುಟ್ಟ ಕಾರಿನ ಚಾಲಕರಲ್ಲಿ ಒಬ್ಬರಾಗಿದ್ದ ಮಾಸ್ ಅವರು ತಂಡದ ಇನ್ನೊಂದು ಕಾರಿಗೆ, ಕ್ಯಾರಲ್ ಶೆಲ್ಬಿ ಮತ್ತು ಜ್ಯಾಕ್ ಫೇರ್‌ಮನ್ ಓಡಿಸುತ್ತಿದ್ದ ಕಾರಿಗೆ, ಹತ್ತಿ ಗೆದ್ದರು. ಚಾಂಪಿಯನ್‌ಷಿಪ್ ಆಸ್ಟನ್ ಮಾರ್ಟಿನ್‌ಗೆ ಬಂತು. ಡಿಬಿಆರ್1 ತಯಾರಾದದ್ದು ಕೇವಲ ಐದು. ತೆಳು ಹಸಿರು ಬಣ್ಣದ ಅಂಥದೊಂದು ಕಾರು ಅದೇ ಪಿಟ್ಟಿನ ಮುಂದೆ ಹಾದುಹೋದಾಗ, ಆ ದಿನ ತನ್ನ ಕಾರನ್ನು ನಿಲ್ಲಿಸಿಬಿಟ್ಟ ಮನುಷ್ಯನ ಹೆಸರು ನನಗೆ ಮೊದಲು ನೆನಪಾಗುತ್ತದೆ.

ಅಷ್ಟು ಬೆಲೆಬಾಳುವ ಕಾರುಗಳನ್ನು ರೇಸಿಗೆ ಬಿಡುವುದು ಸರಿಯೇ? ಅವೆಲ್ಲ ಅಸಲಿಯೇ?

ಬೆಲೆಯ ಮಾತು ನಿಜ. ಒಂದು ಡಿಬಿಆರ್1 2017ರಲ್ಲಿ 22.5 ಮಿಲಿಯನ್ ಡಾಲರಿಗೂ, ಒಂದು ಫೆರಾರಿ 250 ಜಿಟಿಒ 2018ರಲ್ಲಿ 48.4 ಮಿಲಿಯನ್ ಡಾಲರಿಗೂ ಹರಾಜಾದವು. ಆದರೂ ಓಡಿಸಬೇಕು ಎಂಬುದೇ ನನ್ನ ದೃಢವಾದ ಅಭಿಪ್ರಾಯ. ನುಡಿಸದ ವೀಣೆಯ ತಂತಿ ತುಕ್ಕು ಹಿಡಿಯುವಂತೆ ಓಡದ ಎಂಜಿನ್ನಿನ ರಬ್ಬರು ಒಣಗುತ್ತದೆ, ಎಣ್ಣೆ ಇಳಿದುಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಅದನ್ನು ಸರಿಪಡಿಸಬಲ್ಲ ಕೈಗಳು ಕಡಿಮೆಯಾಗುವುದು. ತಗಡನ್ನು ಮರದ ಸುತ್ತಿಗೆಯಿಂದ ಬಡಿದು ಮೈ ಕೊಡುವವರು, ಕಾರ್ಬ್ಯುರೇಟರ್ ಹದ ಮಾಡುವವರು ಇಂದಿಗೂ ಇರುವುದು ಈ ರೇಸುಗಳು ಇರುವುದರಿಂದ.

ಎಲ್ಲ ಕಾರಿನ ಎಲ್ಲ ಭಾಗವೂ ಆ ಕಾಲದ್ದಲ್ಲ. ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟ ಎಫ್‌ಐಎ ಕೊಡುವ ತಾಂತ್ರಿಕ ಪಾಸ್‌ಪೋರ್ಟ್ ಕಾರಿನ ವಿನ್ಯಾಸ ಆ ಕಾಲದ್ದಕ್ಕೆ ಹೊಂದುತ್ತದೆಯೇ ಎಂಬುದನ್ನು ಹೇಳುತ್ತದೆ. ಅದು ಮೂಲ ಕಾರೇ ಎಂಬ ಪ್ರಮಾಣವಲ್ಲ. ಹೊಸದಾಗಿ ಕಟ್ಟಿದ ಕಾರುಗಳೂ ರೇಸುಗಳಲ್ಲಿ ಸೇರುತ್ತವೆ. ಅದರಲ್ಲಿ ತಪ್ಪಿಲ್ಲ, ಆದರೆ ಯಾವುದು ಯಾವುದು ಎಂದು ಪ್ರೇಕ್ಷಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಎಂದು ನಾನು ಬಯಸುತ್ತೇನೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ? ಅಪಾಯವಿದೆಯೇ?

ಹೋಗಬಹುದು. ಕಿವಿಗೆ ಮುಚ್ಚಿಗೆ ಮಾತ್ರ ಕಡ್ಡಾಯವೆಂದು ತಿಳಿಯಿರಿ, ದೊಡ್ಡವರಿಗೂ. ಈ ಕಾರುಗಳ ಸೈಲೆನ್ಸರುಗಳು ಹೆಸರಿಗಷ್ಟೇ. ಮಕ್ಕಳಿಗೆ ಇಷ್ಟವಾಗುವ ಸೆಟ್ಟ್ರಿಂಗ್ಟನ್ ಕಪ್ ಎಂಬ ಸ್ಪರ್ಧೆಯಲ್ಲಿ ಪುಟ್ಟ ಹುಡುಗ ಹುಡುಗಿಯರು ಆಸ್ಟಿನ್ ಜೆ40 ಎಂಬ ಪೆಡಲ್ ಕಾರುಗಳನ್ನು ತುಳಿದುಕೊಂಡು ಓಡುತ್ತಾರೆ.

ಬೇಲಿಯ ಈಚೆಗೇ ನಿಲ್ಲಬೇಕೆಂಬ ಸೂಚನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಒಂದು ಕಾರು ಪ್ರೇಕ್ಷಕರ ನಡುವೆ ನುಗ್ಗಿ 80ಕ್ಕೂ ಹೆಚ್ಚು ಜನ ಸತ್ತರು. ಗುಡ್‌ವುಡ್‌ನಲ್ಲೇ 1970ರ ಜೂನ್ 2ರಂದು ಹೊಸ ಕಾರಿನ ಪರೀಕ್ಷೆ ನಡೆಸುತ್ತಿದ್ದಾಗ ಆದ ಅಪಘಾತದಲ್ಲಿ ರೇಸ್ ಚಾಲಕ ಬ್ರೂಸ್ ಮೆಕ್‌ಲಾರೆನ್ ತೀರಿಕೊಂಡರು.

ಸಸ್ಯಾಹಾರ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಮಧ್ಯಾಹ್ನದ ಸಾಲುಗಳು ಉದ್ದ. ಹುಲ್ಲಿನ ದಿಬ್ಬದ ಮೇಲೆ ಕಂಬಳಿ ಹಾಸಿ ಬುತ್ತಿ ಬಿಚ್ಚುವುದು ಅಲ್ಲಿನವರ ರೂಢಿಯೂ ಹೌದು. ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಒಂದು ರೇಸೂ ತಪ್ಪುವುದಿಲ್ಲ.

ಮಳೆ ಬಂದರೆ ರೇಸ್ ನಿಲ್ಲಿಸುತ್ತಾರೆಯೇ?

ಸಾಮಾನ್ಯ ಮಳೆಗೆ ನಿಲ್ಲುವುದಿಲ್ಲ. ಕೆಂಪು, ಹಳದಿ ಪಟ್ಟೆಗಳ ಬಾವುಟ ಕಂಡರೆ ಟ್ರ್ಯಾಕ್ ಜಾರುತ್ತಿದೆ ಎಂದೂ, ಬರಿಯ ಹಳದಿ ಕಂಡರೆ ಮುಂದೆ ಅಪಾಯವಿದೆ, ಹಿಂದಿಕ್ಕಬಾರದು ಎಂದೂ, ಕೆಂಪು ಕಂಡರೆ ರೇಸ್ ನಿಂತಿದೆ ಎಂದೂ ಅರ್ಥ.

ಅಲ್ಲಿ ನಮ್ಮ ಊರಿನ ಕಾರುಗಳ ಸುಳಿವೇನಾದರೂ ಇದೆಯೇ?

ಇದೆ. ನಮ್ಮ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪ ಎಂಬುದು ಬಹಳ ಜನರಿಗೆ ಗೊತ್ತು. ಆದರೆ ದಶಕಗಳ ಕಾಲ ಅದರಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್, ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದ ಎಂಜಿನ್ನಿನ ಕುಲದ್ದೇ; ಮುಂದೆ ಬಂದ ಎಂಜಿಬಿಯದೂ ಅದೇ ಕುಲ. ಬೇಸಿಗೆ ರಜೆಯಲ್ಲಿ ಒಂಬತ್ತು ಜನರನ್ನು ತುಂಬಿಕೊಂಡು ಆಗುಂಬೆ ಘಾಟಿ ಹತ್ತಿದ ಬಾಡಿಗೆ ಅಂಬಾಸಡರಿನ ಎಂಜಿನ್ನಿಗೆ ರೇಸ್ ಓಡಿದ ದಾಯಾದಿಗಳಿದ್ದಾರೆ ಎಂದು ನನಗೆ ಗೊತ್ತಾದದ್ದು ಹಳೆಯ ಎಂಜಿ ಒಂದರ ತೆರೆದ ಬಾನೆಟ್ಟಿನ ಮುಂದೆ ನಿಂತಾಗ. ಕಾರ್ಬ್ಯುರೇಟರು ಎರಡು ಎಂಬುದನ್ನು ಬಿಟ್ಟರೆ ನೋಟ ಬಹುಮಟ್ಟಿಗೆ ಪರಿಚಿತವಾಗಿತ್ತು.

ಸಂಜೆ ನೂಕುನುಗ್ಗಲು ತಪ್ಪಿಸಲು ಬೇಗ ಹೊರಡುವುದು ಒಳ್ಳೆಯದಲ್ಲವೇ?

ಬೇಗ ಹೊರಟವರೆಲ್ಲ ಒಟ್ಟಿಗೆ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಕೊನೆಯ ರೈಲಿನ ವೇಳೆಯನ್ನು ಬೆಳಿಗ್ಗೆಯೇ ಬರೆದಿಟ್ಟುಕೊಂಡು, ಕೊನೆಯ ರೇಸ್ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಿ. ಪ್ಯಾಡಾಕಿಗೆ ಮರಳಿದ ಕಾರುಗಳ ಕಾದ ಲೋಹ ಆರುವಾಗ ಟಿಕ್ ಟಿಕ್ ಎನ್ನುತ್ತಿರುತ್ತದೆ, ಮುಂಭಾಗಕ್ಕೆ ಅಂಟಿದ ಹುಳುಗಳನ್ನೂ ಹುಲ್ಲನ್ನೂ ಯಾರೋ ಒದ್ದೆ ಬಟ್ಟೆಯಿಂದ ಒರೆಸುತ್ತಿರುತ್ತಾರೆ, ಮತ್ತು ಬೆಳಿಗ್ಗೆ ಮಾತಾಡಲು ಪುರುಸೊತ್ತಿಲ್ಲದಿದ್ದ ಮೆಕ್ಯಾನಿಕ್ಕುಗಳು ಚಹಾ ಹಿಡಿದು ಕೂತಿರುತ್ತಾರೆ. ನಿಮ್ಮ ಪ್ರಶ್ನೆಗಳನ್ನು ಆಗ ಕೇಳಿ.